‘ವಿತರಣೆಯಾಗಿದೆ’ ಎಂದರೆ ತಲುಪಿದೆ ಎಂದಲ್ಲ: ಇನ್‌ಬಾಕ್ಸ್ ಪರೀಕ್ಷೆಯ ಒಳಹೊರಗು

ಸಾಮೂಹಿಕ ಇ-ಮೇಲ್ ಕಳುಹಿಸಿದವರ ಪರದೆಯ ಮೇಲೆ ಮೂಡುವ ‘ವಿತರಣೆಯಾಗಿದೆ’ ಎಂಬ ಪದಕ್ಕೂ, ಆ ಪತ್ರ ಗ್ರಾಹಕನ ಕಣ್ಣಿಗೆ ಬಿದ್ದಿದೆ ಎಂಬ ಸಂಗತಿಗೂ ದೊಡ್ಡ ಅಂತರವಿದೆ. ಹಬ್ಬದ ರಿಯಾಯಿತಿ ಪ್ರಕಟಿಸುವ ಜವಳಿ ಮಳಿಗೆ, ಹೊಸ ಕೋರ್ಸಿನ ಪ್ರವೇಶ ತಿಳಿಸುವ ಕಾಲೇಜು, ವಾರದ ಸುದ್ದಿಪತ್ರ ಕಳುಹಿಸುವ ಪ್ರಕಾಶನ ಸಂಸ್ಥೆ, ಇವರೆಲ್ಲರ ವರದಿಯಲ್ಲೂ ನೂರಕ್ಕೆ ತೊಂಬತ್ತೆಂಟೋ ತೊಂಬತ್ತೊಂಬತ್ತೋ ವಿತರಣೆ ಎಂದೇ ಇರಬಹುದು. ಅದರ ಅರ್ಥ ಇಷ್ಟೇ: ಎದುರಿನ ಸರ್ವರ್ ಪತ್ರವನ್ನು ಬೇಡವೆನ್ನದೆ ತೆಗೆದುಕೊಂಡಿದೆ. ತೆಗೆದುಕೊಂಡದ್ದನ್ನು ಅದು ಇನ್‌ಬಾಕ್ಸ್‌ನಲ್ಲಿ ಇಟ್ಟಿತೇ, ‘ಪ್ರೊಮೋಷನ್ಸ್’ ವಿಭಾಗಕ್ಕೆ ತಳ್ಳಿತೇ, ಅಥವಾ ಯಾರೂ ತೆರೆದು ನೋಡದ ಸ್ಪ್ಯಾಮ್ ಕಡತಕ್ಕೆ ಎಸೆಯಿತೇ ಎಂಬುದನ್ನು ಆ ವರದಿ ಹೇಳುವುದಿಲ್ಲ.

ಈ ಕೊರತೆಯನ್ನು ನೀಗಿಸಲೆಂದೇ ‘ಇನ್‌ಬಾಕ್ಸ್ ಪರೀಕ್ಷೆ’ ಎಂಬ ಉದ್ಯಮ ಹುಟ್ಟಿಕೊಂಡಿತು. ಸಾವಿರಾರು ಜನರಿಗೆ ಪತ್ರ ಕಳುಹಿಸುವ ಮುನ್ನ, ಅದು ಎಲ್ಲಿ ಹೋಗಿ ಬೀಳಬಹುದೆಂದು ಅಂದಾಜು ಮಾಡಿಕೊಳ್ಳುವ ಕ್ರಮ ಇದು. ಒಂದು ಕಾಲಕ್ಕೆ ದೊಡ್ಡ ಕಂಪನಿಗಳ ಮಾರುಕಟ್ಟೆ ವಿಭಾಗಕ್ಕೆ ಸೀಮಿತವಾಗಿದ್ದ ಈ ಪರೀಕ್ಷೆ, 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ತಮ್ಮ ನಿಯಮಗಳನ್ನು ಬಿಗಿಗೊಳಿಸಿದ ನಂತರ ಸಣ್ಣ ಪುಟ್ಟ ಸಂಸ್ಥೆಗಳಿಗೂ ಅನಿವಾರ್ಯವಾಗಿದೆ. ಆದರೆ ಈ ಪರೀಕ್ಷೆ ನಿಜವಾಗಿ ಅಳೆಯುವುದೇನನ್ನು? ಪರೀಕ್ಷೆಯಲ್ಲಿ ತೇರ್ಗಡೆಯಾದ ಪತ್ರಕ್ಕೆ ಇನ್‌ಬಾಕ್ಸ್ ಖಚಿತವೇ? ಈ ಪ್ರಶ್ನೆಗಳನ್ನು ಕೇಳದೆಯೇ ಹಣ ತೆರುವವರು ಹೆಚ್ಚಾಗುತ್ತಿದ್ದಾರೆ.

ನಂಬಿಕೆಯ ಮೇಲೆ ನಿಂತ ಅಂಚೆ

ಇಂದಿನ ಗೊಂದಲದ ಮೂಲ ಇ-ಮೇಲ್ ವ್ಯವಸ್ಥೆಯ ಹುಟ್ಟಿನಲ್ಲಿಯೇ ಇದೆ. ಇ-ಮೇಲ್ ಸಾಗಾಣಿಕೆಗೆ ಆಧಾರವಾಗಿರುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟಲ್ ರೂಪಿಸಿದ್ದು 1982ರ ಆಗಸ್ಟ್‌ನಲ್ಲಿ. ಆಗ ಜಾಲದಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳ ಜನ. ಹೀಗಾಗಿ ಪತ್ರ ಕಳುಹಿಸಿದವನು ತಾನು ಹೇಳಿಕೊಂಡ ವ್ಯಕ್ತಿಯೇ ಹೌದೇ ಎಂದು ಪರಿಶೀಲಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಲಕೋಟೆಯ ಹಿಂಬದಿಯಲ್ಲಿ ಯಾರದೋ ವಿಳಾಸ ಬರೆದು ಅಂಚೆ ಡಬ್ಬಿಗೆ ಹಾಕಬಹುದಲ್ಲವೇ? ಇದೂ ಹಾಗೆಯೇ.

ಬೇಡದ ಪತ್ರದ ಕಾಟವಂತೂ ಅದಕ್ಕಿಂತಲೂ ಹಳೆಯದು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರುಕಟ್ಟೆ ಅಧಿಕಾರಿ ಗ್ಯಾರಿ ಥುವರ್ಕ್, ಹೊಸ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಆಹ್ವಾನಿಸುವ ಸಂದೇಶವನ್ನು ಅರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ಒಟ್ಟಿಗೇ ಕಳುಹಿಸಿದ್ದರು. ಮೊದಲ ಸ್ಪ್ಯಾಮ್ ಎಂದು ಇತಿಹಾಸದಲ್ಲಿ ದಾಖಲಾಗಿರುವುದು ಅದೇ. ಪಡೆದವರು ಸಿಟ್ಟಾದರು ಎಂಬುದೂ ದಾಖಲಾಗಿದೆ.

1990ರ ದಶಕದಲ್ಲಿ ಇಂಟರ್‌ನೆಟ್ ಜನಸಾಮಾನ್ಯರಿಗೆ ತೆರೆದುಕೊಂಡ ಮೇಲೆ ಕಾಟ ಪ್ರವಾಹವಾಯಿತು. ಅದನ್ನು ತಡೆಯಲು ಮೊದಲು ಬಳಕೆಗೆ ಬಂದದ್ದು ಪದಗಳ ಶೋಧನೆ. ಪತ್ರದಲ್ಲಿ ಅನುಮಾನಾಸ್ಪದ ಲಕ್ಷಣಗಳನ್ನು ಹುಡುಕಿ ಒಂದೊಂದಕ್ಕೂ ಅಂಕ ನೀಡುವ ‘ಸ್ಪ್ಯಾಮ್ ಅಸ್ಯಾಸಿನ್’ ಎಂಬ ಉಚಿತ ತಂತ್ರಾಂಶ 2001ರಲ್ಲಿ ಬಂತು. ಒಟ್ಟು ಅಂಕ 5 ಮುಟ್ಟಿದರೆ ಪತ್ರ ಸ್ಪ್ಯಾಮ್ ಎಂದು ಪರಿಗಣಿಸುವುದು ಅದರ ರೂಢಿಯ ಮಿತಿ. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ, ಸಂಖ್ಯಾಶಾಸ್ತ್ರದ ಸಂಭವನೀಯತೆಯ ಆಧಾರದಲ್ಲಿ ಸ್ಪ್ಯಾಮ್ ಪತ್ತೆ ಹಚ್ಚುವ ವಿಧಾನವನ್ನು ವಿವರಿಸಿ ಬರೆದರು. ‘ಉಚಿತ’, ‘ಬಹುಮಾನ’ ಮುಂತಾದ ಪದಗಳನ್ನು ಬಳಸಿದರೆ ಪತ್ರ ಸಿಕ್ಕಿಬೀಳುತ್ತದೆ ಎಂದು ಮಾರುಕಟ್ಟೆಯವರು ಇಂದಿಗೂ ನಂಬಿಕೊಂಡಿರುವುದಕ್ಕೆ ಆ ಕಾಲದ ನೆನಪೇ ಕಾರಣ.

ಪರೀಕ್ಷೆ ನಡೆಯುವುದು ಹೇಗೆ?

ಈಗಿನ ಪೂರ್ವಪರೀಕ್ಷೆಗೆ ಮೂರು ಹಂತಗಳಿವೆ. ಮೊದಲನೆಯದು ಗುರುತಿನ ಪರಿಶೀಲನೆ. ಒಂದು ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಾವ ಸರ್ವರ್‌ಗಳಿಗೆ ಅಧಿಕಾರವಿದೆ ಎಂಬ ಪಟ್ಟಿಯೇ ಎಸ್‌ಪಿಎಫ್. ಇದರ ವಿವರಣೆ ಪ್ರಕಟವಾದದ್ದು 2006ರಲ್ಲಿ. ಪತ್ರ ದಾರಿಯಲ್ಲಿ ತಿದ್ದುಪಡಿಯಾಗಿಲ್ಲವೆಂದು ಸಾಬೀತುಪಡಿಸುವ ಗೂಢಲಿಪಿಯ ಸಹಿ ಡಿಕಿಮ್, ಇದು 2007ರದು. ಇವೆರಡೂ ಪತ್ರದ ಮೇಲೆ ಕಾಣುವ ಕಳುಹಿಸಿದವರ ವಿಳಾಸದೊಂದಿಗೆ ಹೊಂದುತ್ತವೆಯೇ, ಹೊಂದದಿದ್ದರೆ ಏನು ಮಾಡಬೇಕು ಎಂಬುದನ್ನು ತಿಳಿಸುವುದು ಡಿಮಾರ್ಕ್. ಇದು 2012ರಲ್ಲಿ ಬಹಿರಂಗವಾಗಿ, 2015ರಲ್ಲಿ ಅಧಿಕೃತ ದಾಖಲೆಯಾಯಿತು. ಎರಡನೆಯದು ಒಳಗಿನ ವಿಷಯದ ತಪಾಸಣೆ: ಮುರಿದ ಕೊಂಡಿಗಳು, ಬರೀ ಚಿತ್ರವೇ ತುಂಬಿದ ಪುಟ, ಕಪ್ಪುಪಟ್ಟಿಯಲ್ಲಿರುವ ವಿಳಾಸಗಳತ್ತ ಕರೆದೊಯ್ಯುವ ಕೊಂಡಿ ಇತ್ಯಾದಿ. 1998ರಿಂದ ಇಂತಹ ಪಟ್ಟಿಗಳನ್ನು ನಿರ್ವಹಿಸುತ್ತಿರುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಹೆಸರು ಈ ವಲಯದಲ್ಲಿ ಎಲ್ಲರಿಗೂ ಪರಿಚಿತ.

ಮೂರನೆಯದೇ ನಿಜವಾದ ಇನ್‌ಬಾಕ್ಸ್ ಪರೀಕ್ಷೆ. ಪರೀಕ್ಷಾ ಸಂಸ್ಥೆಯು ಜಿಮೇಲ್, ಯಾಹೂ, ಔಟ್‌ಲುಕ್ ಮುಂತಾದ ಕಡೆಗಳಲ್ಲಿ ಹತ್ತಾರು ಖಾತೆಗಳನ್ನು ತೆರೆದಿಟ್ಟುಕೊಂಡಿರುತ್ತದೆ. ಬಿತ್ತನೆಗೆ ಮೊದಲು ಒಂದು ಹಿಡಿ ಬೀಜವನ್ನು ಮೊಳಕೆ ಬರಿಸಿ ನೋಡುವ ರೈತನಂತೆ, ಕಳುಹಿಸುವವರು ತಮ್ಮ ಕರಡನ್ನು ಮೊದಲು ಈ ಖಾತೆಗಳಿಗೆ ಕಳುಹಿಸುತ್ತಾರೆ. ಇಂಗ್ಲಿಷ್‌ನಲ್ಲಿಯೂ ಇದಕ್ಕೆ ‘ಬೀಜ ಪಟ್ಟಿ’ ಎಂಬ ಅರ್ಥದ ಹೆಸರೇ ಇದೆ. ಕೆಲವೇ ನಿಮಿಷಗಳಲ್ಲಿ ಇಷ್ಟು ಇನ್‌ಬಾಕ್ಸ್, ಇಷ್ಟು ಪ್ರೊಮೋಷನ್ಸ್, ಇಷ್ಟು ಸ್ಪ್ಯಾಮ್, ಇಷ್ಟು ನಾಪತ್ತೆ ಎಂಬ ಲೆಕ್ಕ ಕೈಗೆ ಸಿಗುತ್ತದೆ. 1999ರಲ್ಲಿ ಆರಂಭವಾದ ಅಮೆರಿಕದ ರಿಟರ್ನ್ ಪಾತ್ ಈ ಕ್ಷೇತ್ರದ ಮೊದಲಿಗರಲ್ಲಿ ಒಂದು. 2019ರಲ್ಲಿ ಅದನ್ನು ವ್ಯಾಲಿಡಿಟಿ ಎಂಬ ಕಂಪನಿ ಕೊಂಡುಕೊಂಡಿತು. ಗ್ಲಾಕ್‌ಆ್ಯಪ್ಸ್‌ನಂತಹ ಸೇವೆಗಳೂ ಇದೇ ಕೆಲಸ ಮಾಡುತ್ತವೆ. ಮೇಲ್-ಟೆಸ್ಟರ್ ಎಂಬ ತಾಣ ಮೊದಲೆರಡು ಹಂತಗಳನ್ನು ಪರಿಶೀಲಿಸಿ ಪತ್ರಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ.

2024ರ ಕಟ್ಟಳೆ

ಹೀಗೆ ಐಚ್ಛಿಕವಾಗಿದ್ದ ಎಚ್ಚರಿಕೆಗಳು ಕಡ್ಡಾಯವಾದದ್ದು ಇತ್ತೀಚೆಗೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಹೊಸ ನಿಯಮಗಳನ್ನು ಪ್ರಕಟಿಸಿದವು. 2024ರ ಫೆಬ್ರವರಿಯಿಂದ ಅವು ಹಂತ ಹಂತವಾಗಿ ಜಾರಿಗೆ ಬಂದವು. ಗೂಗಲ್ ಪ್ರಕಾರ ಜಿಮೇಲ್ ಖಾತೆಗಳಿಗೆ ದಿನವೊಂದಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಮೇಲೆ ಹೇಳಿದ ಮೂರೂ ಗುರುತುಗಳು ಇರಲೇಬೇಕು. ಮಾರುಕಟ್ಟೆ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯವಿರಬೇಕು. ಹೊರಬರಲು ಬಯಸಿದವರ ಹೆಸರನ್ನು ಎರಡು ದಿನಗಳೊಳಗೆ ತೆಗೆಯಬೇಕು. ಸ್ಪ್ಯಾಮ್ ಎಂಬ ದೂರಿನ ಪ್ರಮಾಣ ಶೇ. 0.1ಕ್ಕಿಂತ ಕಡಿಮೆ ಇರಬೇಕು, ಶೇ. 0.3ನ್ನಂತೂ ಮುಟ್ಟಕೂಡದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್ ಖಾತೆಗಳಿಗೆ ಇದೇ ಬಗೆಯ ಗುರುತಿನ ನಿಯಮ ತಂದಿತು.

ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಜಿಮೇಲ್ ದಿನವೊಂದಕ್ಕೆ ಸುಮಾರು 1,500 ಕೋಟಿ ಅನಪೇಕ್ಷಿತ ಪತ್ರಗಳನ್ನು ತಡೆಯುತ್ತಿದೆ ಎಂದು ಗೂಗಲ್ 2023ರಲ್ಲಿ ತಿಳಿಸಿತ್ತು. ಬ್ಯಾಂಕಿನ ಹೆಸರಿನಲ್ಲಿ, ತೆರಿಗೆ ಇಲಾಖೆಯ ಹೆಸರಿನಲ್ಲಿ ಬರುವ ವಂಚನೆಯ ಪತ್ರಗಳಿಗೆ ಕಡಿವಾಣ ಹಾಕಬೇಕಾದರೆ ಗುರುತಿನ ಪರಿಶೀಲನೆ ಬೇಕೇ ಬೇಕು. ಆದರೆ ಶೇ. 0.3 ಎಂದರೆ ಎಷ್ಟು ಎಂಬುದನ್ನು ಗಮನಿಸಿ. ಇನ್‌ಬಾಕ್ಸ್‌ಗೆ ತಲುಪಿದ 10,000 ಪತ್ರಗಳಲ್ಲಿ ಕೇವಲ 30 ಮಂದಿ ‘ಸ್ಪ್ಯಾಮ್’ ಗುಂಡಿ ಒತ್ತಿದರೆ ಮಿತಿ ಮುಟ್ಟಿದಂತೆ! ಉಳಿದ 9,970 ಮಂದಿಯ ಮೌನ ಇಲ್ಲಿ ಲೆಕ್ಕಕ್ಕೆ ನೆರವಾಗುವುದಿಲ್ಲ.

ಮನುಷ್ಯರಿಲ್ಲದ ಪೆಟ್ಟಿಗೆಗಳು

ಪೂರ್ವಪರೀಕ್ಷೆಯ ಮಿತಿ ಗೋಚರವಾಗುವುದು ಇಲ್ಲಿಯೇ. ಪರೀಕ್ಷಾ ಸಂಸ್ಥೆಯ ಖಾತೆಗಳನ್ನು ಬಳಸುವ ಮನುಷ್ಯರಿಲ್ಲ. ಆ ಖಾತೆಯವರು ಪತ್ರ ಓದುವುದಿಲ್ಲ, ಉತ್ತರಿಸುವುದಿಲ್ಲ, ಬೇಸತ್ತು ಅಳಿಸುವುದೂ ಇಲ್ಲ. ಜಿಮೇಲ್‌ನಂತಹ ವ್ಯವಸ್ಥೆಗಳಾದರೋ ತೀರ್ಮಾನ ಕೈಗೊಳ್ಳುವಾಗ ಪಡೆದವರ ವರ್ತನೆಗೆ ಬಹಳ ತೂಕ ಕೊಡುತ್ತವೆ. ಒಂದೇ ಪತ್ರ, ಒಂದೇ ಕ್ಷಣದಲ್ಲಿ, ಅದನ್ನು ಪ್ರತಿವಾರ ತೆರೆದು ಓದುವ ಗ್ರಾಹಕಿಯ ಇನ್‌ಬಾಕ್ಸ್‌ಗೂ, ಎರಡು ವರ್ಷಗಳಿಂದ ಮುಟ್ಟದೇ ಬಿಟ್ಟ ಗ್ರಾಹಕನ ಸ್ಪ್ಯಾಮ್ ಕಡತಕ್ಕೂ ಹೋಗಬಹುದು. ಬೀಜ ಪಟ್ಟಿಯ ಫಲಿತಾಂಶ ಇವರಿಬ್ಬರಲ್ಲಿ ಯಾರನ್ನೂ ಪ್ರತಿನಿಧಿಸುವುದಿಲ್ಲ.

ಕಳುಹಿಸಿದ ನಂತರದ ಲೆಕ್ಕವೂ ಈಗ ಮಸುಕಾಗಿದೆ. ಪತ್ರವನ್ನು ಎಷ್ಟು ಜನ ತೆರೆದರು ಎಂದು ತಿಳಿಯಲು ಅದರೊಳಗೆ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದನ್ನು ಇಡುವುದು ವಾಡಿಕೆ. ಚಿತ್ರ ಇಳಿದುಕೊಂಡರೆ ಪತ್ರ ತೆರೆಯಲ್ಪಟ್ಟಿತು ಎಂದರ್ಥ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಐಒಎಸ್ 15ರೊಂದಿಗೆ ತಂದ ಖಾಸಗಿತನ ರಕ್ಷಣೆಯ ಸೌಲಭ್ಯವು, ಬಳಕೆದಾರ ಪತ್ರ ತೆರೆಯಲಿ ಬಿಡಲಿ, ಇಂತಹ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳತೊಡಗಿತು. ಬಳಕೆದಾರನ ಪಾಲಿಗೆ ಇದು ಒಳ್ಳೆಯದೇ. ಆದರೆ ‘ತೆರೆದವರ ಸಂಖ್ಯೆ’ ಎಂಬ ಅಂಕಿ ಅಂದಿನಿಂದ ನಂಬಲರ್ಹವಾಗಿ ಉಳಿದಿಲ್ಲ.

ಪರೀಕ್ಷೆಯ ದುರ್ಬಳಕೆಯೂ ಉಂಟು. ಫಲಿತಾಂಶದಲ್ಲಿ ಕೆಂಪು ಕಂಡಾಗ ಶೀರ್ಷಿಕೆಯ ಒಂದು ಪದ ಬದಲಿಸುವುದು, ಚಿತ್ರವೊಂದನ್ನು ತೆಗೆಯುವುದು, ಮತ್ತೆ ಪರೀಕ್ಷಿಸುವುದು, ಹಸಿರು ಬರುವವರೆಗೂ ಇದನ್ನೇ ಪುನರಾವರ್ತಿಸುವುದು. ಜ್ವರದ ಕಾರಣ ಹುಡುಕದೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗೆ! ಹಳಸಿದ ವಿಳಾಸಪಟ್ಟಿ, ಹಣ ಕೊಟ್ಟು ಕೊಂಡ ವಿಳಾಸಗಳು, ವಾರಕ್ಕೆ ಐದು ಬಾರಿ ಕಳುಹಿಸುವ ಚಾಳಿ, ಈ ನಿಜವಾದ ಕಾರಣಗಳು ಕರಡಿನ ಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ.

ಪೆಟ್ಟು ಬೀಳುವುದು ಯಾರಿಗೆ?

ದೊಡ್ಡ ಕಂಪನಿಗಳಲ್ಲಿ ಇದಕ್ಕಾಗಿಯೇ ತಜ್ಞರಿರುತ್ತಾರೆ. ಪೆಟ್ಟು ತಿನ್ನುವುದು ಸಣ್ಣವರು. ಶಾಲೆಯೊಂದರ ಕಚೇರಿಯೋ ಸಂಘವೊಂದರ ಕಾರ್ಯದರ್ಶಿಯೋ ತಮ್ಮ ಉಚಿತ ಜಿಮೇಲ್ ಅಥವಾ ಯಾಹೂ ವಿಳಾಸವನ್ನೇ ಇಟ್ಟುಕೊಂಡು, ಸಾಮೂಹಿಕ ಪತ್ರ ಕಳುಹಿಸುವ ಬೇರೊಂದು ಸೇವೆಯ ಮೂಲಕ ಆಹ್ವಾನ ಕಳುಹಿಸುವುದು ಸಾಮಾನ್ಯ. ವಿಳಾಸ ಗೂಗಲ್‌ನದು, ಪತ್ರ ಹೊರಟ ಸರ್ವರ್ ಇನ್ನಾರದೋ! ಗುರುತು ಹೊಂದುವುದಿಲ್ಲ. ಯಾಹೂ 2014ರಲ್ಲಿಯೇ ಇಂತಹ ಪತ್ರಗಳನ್ನು ತಿರಸ್ಕರಿಸುವಂತೆ ತನ್ನ ಡಿಮಾರ್ಕ್ ನೀತಿಯನ್ನು ಬದಲಿಸಿತ್ತು. ಜಿಮೇಲ್ ವಿಳಾಸವನ್ನು ಹೀಗೆ ಬಳಸಬಾರದೆಂದು ಗೂಗಲ್ 2024ರ ನಿಯಮಗಳಲ್ಲಿ ಸ್ಪಷ್ಟಪಡಿಸಿದೆ. ಸ್ವಂತ ಡೊಮೈನ್ ಹೆಸರು ಇಲ್ಲದ ಸಂಸ್ಥೆಗೆ ಸಾಮೂಹಿಕ ಇ-ಮೇಲ್‌ನ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಸ್ವಂತ ಹೆಸರು ಇದ್ದರೂ ತೊಡಕು ತಪ್ಪಿದ್ದಲ್ಲ. ಒಂದು ಸೇವೆ ಸಂಬಳದ ಚೀಟಿಗೆ, ಇನ್ನೊಂದು ಬಿಲ್ಲಿಗೆ, ಮತ್ತೊಂದು ಜಾಹೀರಾತಿಗೆ ಎಂದು ಸೇರಿಸುತ್ತಾ ಹೋದರೆ ಎಸ್‌ಪಿಎಫ್ ಪಟ್ಟಿ ಉದ್ದವಾಗುತ್ತದೆ. ಅದನ್ನು ಪರಿಶೀಲಿಸುವಾಗ 10ಕ್ಕಿಂತ ಹೆಚ್ಚು ಬಾರಿ ವಿಳಾಸ ಹುಡುಕಬೇಕಾಗಿ ಬಂದರೆ ಪರಿಶೀಲನೆಯೇ ವಿಫಲವೆಂಬುದು ನಿಯಮ. ಹಾಗೆಯೇ ಅಗ್ಗದ ಸೇವೆಗಳಲ್ಲಿ ಹಲವು ಗ್ರಾಹಕರು ಒಂದೇ ಐಪಿ ವಿಳಾಸವನ್ನು ಹಂಚಿಕೊಳ್ಳುತ್ತಾರೆ. ಪಕ್ಕದವನು ಸ್ಪ್ಯಾಮ್ ಕಳುಹಿಸಿದರೆ ಅದರ ಕಳಂಕ ಎಲ್ಲರಿಗೂ ಅಂಟುತ್ತದೆ.

ಇದಕ್ಕಿಂತ ಗಂಭೀರವಾದ ಅಪಾಯ ಮತ್ತೊಂದಿದೆ. ಜಾಹೀರಾತು ಹೋಗುವ ಹೆಸರಿನಿಂದಲೇ ಅಗತ್ಯದ ಪತ್ರಗಳೂ ಹೋಗುತ್ತಿದ್ದರೆ, ಜಾಹೀರಾತಿನ ಮೇಲಿನ ಸಿಟ್ಟು ಎರಡಕ್ಕೂ ತಟ್ಟುತ್ತದೆ. ಆರೋಗ್ಯ ಪ್ಯಾಕೇಜಿನ ಪ್ರಚಾರ ಪತ್ರಕ್ಕೆ ದೂರು ಹೆಚ್ಚಾದರೆ, ಅದೇ ಪ್ರಯೋಗಾಲಯ ಕಳುಹಿಸುವ ರಕ್ತ ಪರೀಕ್ಷೆಯ ವರದಿಯೂ ಸ್ಪ್ಯಾಮ್ ಕಡತದಲ್ಲಿ ಕೊಳೆಯಬಹುದು. ಎರಡಕ್ಕೂ ಬೇರೆ ಬೇರೆ ಉಪಡೊಮೈನ್ ಇಟ್ಟುಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಆದರೆ ಅದನ್ನು ತಿಳಿದವರು ಸಣ್ಣ ಸಂಸ್ಥೆಗಳಲ್ಲಿ ವಿರಳ.

ಕನ್ನಡದ ಪತ್ರಕ್ಕೆ ಬೇರೆ ತೊಡಕು

ಕನ್ನಡದಲ್ಲಿ ಪತ್ರ ಕಳುಹಿಸುವವರು ಇನ್ನೂ ಒಂದೆರಡು ಸಂಗತಿಗಳನ್ನು ಗಮನಿಸಬೇಕು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್‌ನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಒತ್ತಕ್ಷರ, ಕಾಗುಣಿತದ ಗುರುತುಗಳಿಗೆ ಪ್ರತ್ಯೇಕ ಲೆಕ್ಕ. ಕೆಲವು ತಂತ್ರಾಂಶಗಳು ಕನ್ನಡದ ಚಿಹ್ನೆಯನ್ನು ಸಂಖ್ಯಾರೂಪದ ಸಂಕೇತವಾಗಿ ಪರಿವರ್ತಿಸುತ್ತವೆ. ಆಗ ಅದು 7 ಬೈಟ್‌ಗೆ ಏರುತ್ತದೆ. ಪತ್ರದ ಗಾತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಕತ್ತರಿಸಿ ತೋರಿಸುತ್ತದೆ. ಪಟ್ಟಿಯಿಂದ ಹೊರಬರುವ ಕೊಂಡಿ ಸಾಮಾನ್ಯವಾಗಿ ಇರುವುದು ಪತ್ರದ ಕೊನೆಯಲ್ಲಿ. ಅದು ಕಾಣದಿದ್ದಾಗ ಬೇಸತ್ತ ಓದುಗ ಒತ್ತುವುದು ‘ಸ್ಪ್ಯಾಮ್’ ಗುಂಡಿಯನ್ನೇ!

ಶೀರ್ಷಿಕೆಯ ಸಾಲಿನದೂ ಇಂತಹದೇ ಕಥೆ. ಇಂಗ್ಲಿಷೇತರ ಶೀರ್ಷಿಕೆಗಳನ್ನು ಹೆಚ್ಚೆಂದರೆ 75 ಅಕ್ಷರಗಳ ಸಂಕೇತ ತುಣುಕುಗಳಾಗಿ ಒಡೆದು ಕಳುಹಿಸಬೇಕು ಎಂಬುದು ನಿಯಮ. ಒಂದು ತುಣುಕಿನಲ್ಲಿ ಕನ್ನಡದ ಹದಿನೈದರಷ್ಟು ಚಿಹ್ನೆಗಳು ಮಾತ್ರ ಹಿಡಿಸುತ್ತವೆ. ಸರಿಯಾಗಿ ರೂಪಿಸದ ತಂತ್ರಾಂಶ ಚಿಹ್ನೆಯ ನಡುವೆಯೇ ತುಂಡರಿಸಿದರೆ ಓದುಗನಿಗೆ ಕಾಣುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೀಗಾಗಿ ಅಂಕಪಟ್ಟಿಯನ್ನಷ್ಟೇ ನಂಬದೆ, ಅಗ್ಗದ ಮೊಬೈಲ್ ಸೇರಿದಂತೆ ಎರಡು ಮೂರು ಸಾಧನಗಳಲ್ಲಿ ಪತ್ರವನ್ನು ಕಣ್ಣಾರೆ ತೆರೆದು ಓದುವ ಪರೀಕ್ಷೆ ಕನ್ನಡದ ಪತ್ರಗಳಿಗೆ ಅಗತ್ಯ.

ತೀರ್ಪು ಕೊಡುವವರು ಯಾರು?

ಇಷ್ಟೆಲ್ಲ ನಿಯಮಗಳನ್ನು ರೂಪಿಸಿದ್ದು ಯಾವ ಶಾಸನಸಭೆಯೂ ಅಲ್ಲ ಎಂಬುದು ಗಮನಾರ್ಹ. 2004ರ ಜನವರಿ 1ರಿಂದ ಜಾರಿಯಲ್ಲಿರುವ ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆಯು, ಹೊರಬರಲು ಬಯಸಿದವರ ಹೆಸರು ತೆಗೆಯಲು 10 ಕೆಲಸದ ದಿನಗಳ ಅವಕಾಶ ನೀಡುತ್ತದೆ. ಗೂಗಲ್ ಕೊಟ್ಟಿರುವುದು ಎರಡು ದಿನ. ಖಾಸಗಿ ಕಂಪನಿಗಳ ಕಟ್ಟಳೆ ಕಾನೂನಿಗಿಂತ ಬಿಗಿಯಾಗಿದೆ. ಉಲ್ಲಂಘಿಸಿದವರಿಗೆ ದಂಡವಿಲ್ಲ, ವಿಚಾರಣೆಯೂ ಇಲ್ಲ. ಪತ್ರ ಸದ್ದಿಲ್ಲದೆ ಕಣ್ಮರೆಯಾಗುತ್ತದೆ.

ಈ ಅಧಿಕಾರವನ್ನು ಪ್ರಶ್ನಿಸುವ ಯತ್ನವೂ ನಡೆದಿದೆ. ತನ್ನ ದೇಣಿಗೆ ಸಂಗ್ರಹದ ಪತ್ರಗಳನ್ನು ಜಿಮೇಲ್ ಸ್ಪ್ಯಾಮ್‌ಗೆ ತಳ್ಳುತ್ತಿದೆ ಎಂದು ಆರೋಪಿಸಿ ಅಮೆರಿಕದ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿ 2022ರ ಅಕ್ಟೋಬರ್‌ನಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ಹೂಡಿತು. ಗೂಗಲ್ ಆರೋಪವನ್ನು ಅಲ್ಲಗಳೆಯಿತು. 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಿತು. ಅದೇ 2022ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವು, ಜಿಮೇಲ್ ಒಂದು ಪಕ್ಷದ ಪತ್ರಗಳನ್ನು ಹೆಚ್ಚಾಗಿ ಸ್ಪ್ಯಾಮ್ ಎಂದು ಗುರುತಿಸಿದರೆ ಔಟ್‌ಲುಕ್ ಮತ್ತು ಯಾಹೂ ಇನ್ನೊಂದು ಪಕ್ಷದವನ್ನು ಹೆಚ್ಚಾಗಿ ಗುರುತಿಸಿದವು ಎಂದು ಕಂಡುಕೊಂಡಿತ್ತು. ಬಳಕೆದಾರರು ಪತ್ರಗಳನ್ನು ತಾವೇ ವಿಂಗಡಿಸತೊಡಗಿದಾಗ ಜಿಮೇಲ್‌ನ ತೀರ್ಮಾನ ಬದಲಾಗುತ್ತದೆ ಎಂಬುದೂ ಅದರಲ್ಲಿತ್ತು. ಪೆಟ್ಟಿಗೆಯ ಒಡೆಯನ ವರ್ತನೆಯೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಭಾರತದಲ್ಲಿ ಪರಿಸ್ಥಿತಿ ಬೇರೆ. ದೂರವಾಣಿ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಟ್ರಾಯ್‌ನ 2018ರ ನಿಯಮಾವಳಿ ಅನ್ವಯಿಸುತ್ತದೆ. ಇ-ಮೇಲ್ ಅದರ ವ್ಯಾಪ್ತಿಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಉಂಟುಮಾಡುವ, ಮೂಲ ಮರೆಮಾಚುವ ಇ-ಮೇಲ್‌ನ ಪ್ರಸ್ತಾಪವಿತ್ತು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಇಡೀ ಕಲಮನ್ನು ರದ್ದುಪಡಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಶೂನ್ಯವನ್ನು ಭಾಗಶಃ ತುಂಬಲಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳು ಆಗಿನಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ನಿಗದಿಯಾದವು. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ನಿರ್ದಿಷ್ಟವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು ಕಾಯ್ದೆ ಹೇಳುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಾಗರಿಕನಿಗೆ ಇರಬೇಕೆಂಬುದು ಕನ್ನಡಿಗರಿಗೆ ಮುಖ್ಯವಾದ ಅಂಶ.

ಒಪ್ಪಿಗೆಯೇ ಮೊದಲ ಪರೀಕ್ಷೆ

ಹಾಗಾದರೆ ಪೂರ್ವಪರೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಗುರುತಿನ ಮೂರು ಕಟ್ಟಳೆಗಳು ಸರಿಯಾಗಿವೆಯೇ, ಕೊಂಡಿಗಳು ತೆರೆಯುತ್ತವೆಯೇ, ಹೆಸರು ಕಪ್ಪುಪಟ್ಟಿಯಲ್ಲಿದೆಯೇ ಎಂಬುದನ್ನು ಅದು ನಿಖರವಾಗಿ ಹೇಳುತ್ತದೆ. ಅಲ್ಲಿ ತಪ್ಪಿದ್ದರೆ ಪತ್ರ ಎಷ್ಟೇ ಒಳ್ಳೆಯದಿದ್ದರೂ ಬಾಗಿಲಲ್ಲೇ ನಿಲ್ಲುತ್ತದೆ. ಎಲ್ಲ ಖಾತೆಗಳಲ್ಲೂ ಒಮ್ಮೆಲೇ ಸ್ಪ್ಯಾಮ್ ಫಲಿತಾಂಶ ಬಂದರೆ ಅದು ಅಲಕ್ಷಿಸಬಾರದ ಎಚ್ಚರಿಕೆ. ಇದರೊಡನೆ ತನ್ನ ಪತ್ರಗಳಿಗೆ ಬರುತ್ತಿರುವ ದೂರಿನ ಪ್ರಮಾಣವನ್ನು ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಉಚಿತವಾಗಿ ನೋಡುವುದು, ಹೊಸ ಡೊಮೈನ್‌ನಿಂದ ಮೊದಲ ದಿನವೇ ಸಾವಿರಾರು ಪತ್ರ ಹರಿಸದೆ ನಿಧಾನವಾಗಿ ಸಂಖ್ಯೆ ಏರಿಸುವುದು, ತಿಂಗಳುಗಟ್ಟಲೆ ಸ್ಪಂದಿಸದ ವಿಳಾಸಗಳನ್ನು ಕೈಬಿಡುವುದು ಕಳುಹಿಸುವವರು ಮಾಡಲೇಬೇಕಾದ ಕೆಲಸಗಳು.

ಪಡೆಯುವವರ ಜವಾಬ್ದಾರಿಯೂ ಇಲ್ಲಿದೆ. ತಾವೇ ಹೆಸರು ನೋಂದಾಯಿಸಿದ ಸುದ್ದಿಪತ್ರ ಬೇಡವಾದಾಗ ‘ಸ್ಪ್ಯಾಮ್’ ಎಂದು ದೂರುವುದಕ್ಕೂ, ಪಟ್ಟಿಯಿಂದ ಹೊರಬರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಅದೇ ಪತ್ರವನ್ನು ಬಯಸುವ ಇತರರಿಗೂ ಅಡ್ಡಿಯಾಗಬಹುದು. ಎರಡನೆಯದು ತನ್ನ ಮಟ್ಟಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಕೇಳದೆಯೇ ಬಂದ ಪತ್ರದ ಮೇಲೆ ದೂರುವುದರಲ್ಲಿ ತಪ್ಪೇನಿಲ್ಲ. ಬರಬೇಕಾದ ವರದಿಯೋ ರಸೀದಿಯೋ ಬಾರದಿದ್ದಾಗ ಸ್ಪ್ಯಾಮ್ ಕಡತವನ್ನೊಮ್ಮೆ ತೆರೆದು ನೋಡಿ, ಸಿಕ್ಕ ಪತ್ರವನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಿದರೆ ಮುಂದಿನ ಪತ್ರಕ್ಕೂ ದಾರಿ ಸುಗಮವಾಗುತ್ತದೆ.

ಪತ್ರ ಕಳುಹಿಸುವವನ ಗುರುತು ಸಾಚಾ ಎಂದು ಯಂತ್ರ ಪರೀಕ್ಷಿಸಬಲ್ಲದು. ಆ ಪತ್ರ ಯಾರಿಗೆ ಬೇಕಿದೆ ಎಂಬುದನ್ನು ಪಡೆಯುವವರನ್ನೇ ಕೇಳಬೇಕು. ಇನ್‌ಬಾಕ್ಸ್ ಪರೀಕ್ಷೆಗೆ ಹಣ ವ್ಯಯಿಸುವ ಮುನ್ನ ಪ್ರತಿ ಸಂಸ್ಥೆಯೂ ತನ್ನ ವಿಳಾಸಪಟ್ಟಿಯನ್ನು ಮುಂದಿಟ್ಟುಕೊಂಡು, ಇದರಲ್ಲಿರುವವರು ಯಾವಾಗ, ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದರು ಎಂದು ಕೇಳಿಕೊಳ್ಳುವುದು ಒಳಿತು. ಉತ್ತರವಿಲ್ಲದ ಹೆಸರುಗಳನ್ನು ಪಟ್ಟಿಯಿಂದ ತೆಗೆದರೆ ಸಂಖ್ಯೆ ಕಡಿಮೆಯಾದೀತು. ಉಳಿದವರಿಗಾದರೂ ಪತ್ರ ತಲುಪೀತು.